ಪೆಟ್ಟಿಗೆಯನ್ನು ಮತ್ತೆ ಇಳಿಸುವ ಮೊದಲು

ಪ್ರಶ್ನೆ: ನಮ್ಮದು ಬಂಟ್ವಾಳ ತಾಲೂಕಿನ ಸಿದ್ದಕಟ್ಟೆ ಕಡೆಯ ಮನೆ. ನಾನು ಮೂಡುಬಿದಿರೆಯಲ್ಲಿ ಕೆಲಸದಲ್ಲಿದ್ದೇನೆ. ಅಜ್ಜ 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಇನ್ನೂ ನಮ್ಮಲ್ಲೇ ಇದೆ. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವ ಗಾಡಿ. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಎರಡನೇ ಗೇರಿನಲ್ಲಿ ಶಬ್ದ ಬರುತ್ತಿತ್ತೆಂದು ಕಳೆದ ಮೇ ತಿಂಗಳಲ್ಲಿ ಗೇರ್‌ಬಾಕ್ಸ್ ಇಳಿಸಿ, ಬೇರಿಂಗ್ ಮತ್ತು ಸಿಂಕ್ರೊ ರಿಂಗ್ ಬದಲಿಸಿ, ಹೊಸ ಕ್ಲಚ್ ಪ್ಲೇಟ್ ಹಾಕಿ ಜೂನ್ ಮೊದಲ ವಾರ ಮತ್ತೆ ಕೂರಿಸಿದರು. ಆದರೆ ರೇಡಿಯೇಟರ್ ರಿಪೇರಿಗೆ ಹೋದದ್ದು ಬರಲಿಲ್ಲ, ಅಷ್ಟರಲ್ಲಿ ಮಳೆ ಹಿಡಿಯಿತು. ಗಾಡಿ ನಾಲ್ಕು ತಿಂಗಳು ಶೆಡ್ಡಿನಲ್ಲೇ ನಿಂತಿತು. ನವರಾತ್ರಿ ಕಳೆದ ಮೇಲೆ ಸ್ಟಾರ್ಟ್ ಮಾಡಿದೆವು.

ಇಂಜಿನ್ ಆಫ್ ಇದ್ದಾಗ ನಾಲ್ಕೂ ಗೇರ್, ರಿವರ್ಸ್ ಎಲ್ಲ ಸಲೀಸಾಗಿ ಬೀಳುತ್ತವೆ. ಇಂಜಿನ್ ಆನ್ ಮಾಡಿದರೆ ರಿವರ್ಸ್ ಕರಕರ ಎನ್ನುತ್ತದೆ. ಫಸ್ಟ್ ಗೇರ್ ಒತ್ತಾಯದಿಂದ ಹಾಕಿದರೆ ಕ್ಲಚ್ ಪೂರ್ತಿ ಒತ್ತಿದ್ದರೂ ಗಾಡಿ ಮುಂದೆ ತೆವಳುತ್ತದೆ. ಒಂದು ಸಲ ಹೇಗೋ ರಸ್ತೆಗೆ ತಂದಾಗ ಮೂರನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿತು. ಗೇರ್‌ಬಾಕ್ಸ್ ಕೆಳಗೆ ಎಣ್ಣೆಯ ಹನಿಯೂ ಕಾಣುತ್ತಿದೆ. ಕೆಲಸ ಮಾಡಿದ ಮೆಕ್ಯಾನಿಕ್ ಅಪ್ಪನ ಓರಗೆಯವರು, ನಾನು ಮಾಮ ಎಂದೇ ಕರೆಯುವುದು. ಗೇರ್ ಪೆಟ್ಟಿಗೆ ಮತ್ತೆ ಇಳಿಸಬೇಕು ಎನ್ನುತ್ತಾರೆ. ಗಲ್ಫಿನಲ್ಲಿರುವ ಅಣ್ಣ, ಅದನ್ನೆಲ್ಲ ಬಿಟ್ಟು ಐದು ಗೇರಿನ ಫ್ಲೋರ್ ಗೇರ್‌ಬಾಕ್ಸ್ ಹಾಕಿಸು, ಹಣ ನಾನು ಕಳಿಸುತ್ತೇನೆ ಎನ್ನುತ್ತಾನೆ. ಎಪ್ಪತ್ತೈದು ದಾಟಿದ ಅಪ್ಪ ಏನೂ ಹೇಳುವುದಿಲ್ಲ. ಲಕ್ಷದೀಪೋತ್ಸವಕ್ಕೆ ಈ ಗಾಡಿಯಲ್ಲೇ ಧರ್ಮಸ್ಥಳಕ್ಕೆ ಹೋಗಬೇಕೆಂದು ಮಾತ್ರ ಅವರ ಆಸೆ. ಬೇರೆ ಮೆಕ್ಯಾನಿಕ್‌ಗೆ ತೋರಿಸಿದರೆ ಮಾಮನಿಗೆ ಬೇಸರವಾದೀತು. ನಾನೇನು ಮಾಡಲಿ?

— ಹೆಸರು ಬೇಡ, ಸಿದ್ದಕಟ್ಟೆ

ಉತ್ತರ: ತಂಗಿ, ನಿಮ್ಮ ಪತ್ರದ ಒಂದು ವಾಕ್ಯದಲ್ಲೇ ಅರ್ಧ ಉತ್ತರ ಇದೆ. ಇಂಜಿನ್ ನಿಂತಾಗ ಎಲ್ಲ ಗೇರ್ ಸಲೀಸಾಗಿ ಬೀಳುತ್ತವೆ ಎಂದು ಬರೆದಿದ್ದೀರಿ. ಹಾಗಿದ್ದರೆ ಪೆಟ್ಟಿಗೆಯೊಳಗಿನ ಹಲ್ಲುಗಳ ಮೇಲೆ ಸದ್ಯಕ್ಕೆ ಸಂಶಯಪಡಬೇಕಾಗಿಲ್ಲ. ಕ್ಲಚ್ ಬಿಡುತ್ತಿಲ್ಲ, ಅದು ನಿಮ್ಮ ದೊಡ್ಡ ತೊಂದರೆ. ಪೆಟ್ಟಿಗೆ ಇಳಿಸುವ ಮಾತು, ಫ್ಲೋರ್ ಗೇರಿನ ಮಾತು ಎರಡನ್ನೂ ಒಂದು ವಾರ ಬದಿಗಿಡಿ. ಆ ವಾರದಲ್ಲಿ ಹೊರಗಿನಿಂದಲೇ ನೋಡಬಹುದಾದದ್ದನ್ನೆಲ್ಲ ನೋಡೋಣ.

ಕ್ಲಚ್‌ನ ಕೆಲಸ ಸರಳ. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸಿಕ್ಕಿಕೊಂಡು ತಿರುಗುತ್ತದೆ. ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟ್ ಒಂದಿಷ್ಟೇ ಹಿಂದೆ ಸರಿಯುತ್ತದೆ, ನಡುವಿನ ಪ್ಲೇಟ್ ಸ್ವತಂತ್ರವಾಗುತ್ತದೆ, ಗೇರ್‌ಬಾಕ್ಸಿಗೆ ಹೋಗುವ ಶಾಫ್ಟ್ ನಿಲ್ಲುತ್ತದೆ. ಆ ಸರಿಯುವಿಕೆ ತುಸು ಕಡಿಮೆಯಾದರೂ ಸಾಕು, ಪ್ಲೇಟ್ ಫ್ಲೈವೀಲಿಗೆ ಉಜ್ಜುತ್ತಲೇ ಇರುತ್ತದೆ, ಶಾಫ್ಟ್ ತಿರುಗುತ್ತಲೇ ಇರುತ್ತದೆ. ತಿರುಗುವ ಹಲ್ಲಿಗೆ ನಿಂತ ಹಲ್ಲನ್ನು ಒತ್ತಿದರೆ ಕರಕರ ಎನ್ನದೆ ಇನ್ನೇನು ಮಾಡೀತು? ನಿಮ್ಮ ಗಾಡಿಯಲ್ಲಿ ಎರಡು, ಮೂರು, ನಾಲ್ಕನೇ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಇದೆ, ಫಸ್ಟಿಗೂ ರಿವರ್ಸಿಗೂ ಇಲ್ಲ. ಅದಕ್ಕೇ ಆ ಎರಡು ಗೇರುಗಳು ಮೊದಲು ದೂರು ಹೇಳುತ್ತವೆ.

ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆ ಮಾಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಹಿಂದೆ ಮುಂದೆ ಯಾರೂ ನಿಲ್ಲದಿರಲಿ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಕ್ಲಚ್ ಸರಿಯಾಗಿ ಬಿಡುತ್ತಿದ್ದರೆ ಅಷ್ಟು ಹೊತ್ತಿಗೆ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಹತ್ತು ಎಣಿಸಿದ ಮೇಲೂ ಕರಕರ ಎಂದರೆ ಸಂಶಯವೇ ಬೇಡ. ಈ ಪರೀಕ್ಷೆ ಒಂದೆರಡು ಸಲ ಸಾಕು. ಪದೇ ಪದೇ ಮಾಡಿದರೆ ಹಲ್ಲಿನ ಅಂಚು ತಿಂದುಹೋಗುತ್ತದೆ.

ಇನ್ನು ಕ್ರಮವಾಗಿ ನೋಡುತ್ತ ಹೋಗಿ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

ಮೊದಲು ಪೆಡಲಿನ ಕೆಳಗೆ ಬಗ್ಗಿ ನೋಡಿ. ಫ್ಲೋರ್ ಮ್ಯಾಟ್ ದಪ್ಪವಾಗಿದ್ದು ಪೆಡಲ್ ಪೂರ್ತಿ ಕೆಳಗೆ ಹೋಗುತ್ತಿಲ್ಲ ಎಂಬುದೂ ಕಾರಣವಾಗಿರುವುದನ್ನು ನೋಡಿದ್ದೇನೆ. ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ ರಾಡನ್ನು ಸೇರಿಸುವ ಪಿನ್ನು ಐವತ್ತು ವರ್ಷದಲ್ಲಿ ಸವೆದು ಸಣ್ಣಗಾಗಿರುತ್ತದೆ, ಅದರ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಅಲ್ಲಿ ಕಳೆದುಹೋದ ಪ್ರತಿ ಮಿಲಿಮೀಟರ್ ಕೆಳಗೆ ಕ್ಲಚ್ಚಿಗೆ ಸಿಗುವುದಿಲ್ಲ.

ಎರಡನೆಯದು ಎಣ್ಣೆ. ನಿಮ್ಮ ಗಾಡಿಯ ಕ್ಲಚ್ ಹೈಡ್ರಾಲಿಕ್. ಕ್ಲಚ್ ಮತ್ತು ಬ್ರೇಕಿನಲ್ಲಿ ಬಳಸುವ ಡಾಟ್ 3 ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅರ್ಧ ಖಾಲಿಯಾದ ಹಳೆ ಡಬ್ಬಿಯ ಎಣ್ಣೆ ಇಲ್ಲಿ ಒಂದು ಮಳೆಗಾಲವನ್ನೂ ತಡೆಯುವುದಿಲ್ಲ. ಸೀಲ್ ಒಡೆಯದ ಹೊಸ ಡಬ್ಬಿ ತಂದು, ಹಳೆಯದನ್ನೆಲ್ಲ ಹೊರಹಾಕಿ, ಗಾಳಿ ಉಳಿಯದಂತೆ ಬ್ಲೀಡ್ ಮಾಡಿಸಿ. ಎಣ್ಣೆ ಕಡಿಮೆಯಾಗಿದೆಯೆಂದು ಇಂಜಿನ್ ಆಯಿಲ್ ಆಗಲಿ ಬೇರೆ ಯಾವುದೇ ಆಯಿಲ್ ಆಗಲಿ ಸುರಿಯಬೇಡಿ. ಸಿಲಿಂಡರಿನ ರಬ್ಬರ್ ಕಪ್ ಊದಿಕೊಂಡು ಹಾಳಾಗುತ್ತದೆ. ರಬ್ಬರ್ ಹೋಸನ್ನೂ ನೋಡಿ. ಒಬ್ಬರು ಪೆಡಲ್ ಒತ್ತುವಾಗ ಹೋಸ್ ಉಬ್ಬಿದರೆ, ಪ್ಲೇಟ್ ಸರಿಸಬೇಕಾದ ಒತ್ತಡ ಹೋಸನ್ನು ಉಬ್ಬಿಸುವುದರಲ್ಲೇ ಮುಗಿಯುತ್ತಿದೆ ಎಂದು ತಿಳಿಯಿರಿ.

ಮೂರನೆಯದು ಅಳತೆ. ಇದನ್ನು ತಪ್ಪಿಸಲೇಬೇಡಿ. ಇಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ಪುಶ್ ರಾಡ್ ಎಷ್ಟು ಮುಂದೆ ಬರುತ್ತದೆಂದು ಸ್ಕೇಲ್ ಹಿಡಿದು ಅಳೆಯಲಿ. ಈ ಜಾತಿಯ ಹಳೆ ಗಾಡಿಗಳಲ್ಲಿ ಅರ್ಧ ಇಂಚಿನ ಆಸುಪಾಸು ಓಟ ಇರಬೇಕು. ನಿಮ್ಮ ಗಾಡಿಯ ಕೈಪಿಡಿ ಸಿಕ್ಕಿದರೆ ಅದರಲ್ಲಿರುವ ಅಳತೆಯೇ ಅಂತಿಮ. ಓಟ ಕಡಿಮೆ ಇದ್ದರೆ ತೊಂದರೆ ಪೆಡಲ್, ಸಿಲಿಂಡರ್, ಗಾಳಿ, ಹೋಸ್ ಇವುಗಳಲ್ಲೇ ಇದೆ, ಪೆಟ್ಟಿಗೆ ಇಳಿಸುವುದು ವ್ಯರ್ಥ. ಓಟ ಸರಿಯಿದ್ದೂ ಕ್ಲಚ್ ಬಿಡದಿದ್ದರೆ ತೊಂದರೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಒಳಗಿದೆ. ಇಳಿಸಬೇಕೋ ಬೇಡವೋ ಎಂಬ ನಿಮ್ಮ ಚರ್ಚೆಯನ್ನು ಈ ಒಂದು ಅಳತೆ ತೀರ್ಮಾನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗಾಡಿಯ ಕೆಳಗೆ ಹೋಗುವವರು ಬರೇ ಜ್ಯಾಕ್ ನಂಬಬಾರದು. ನಮ್ಮಲ್ಲಿ ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲನ್ನು ಚಕ್ರದ ಜಾಗಕ್ಕೆ ಇಟ್ಟು ಕೆಳಗೆ ನುಸುಳುವವರಿದ್ದಾರೆ. ಕೆಂಪುಕಲ್ಲು ಗೋಡೆಗೆ ಒಳ್ಳೆಯದು, ಒಂದು ಮೂಲೆಯ ಮೇಲೆ ಭಾರ ಬಿದ್ದರೆ ಎಚ್ಚರಿಕೆ ಕೊಡದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಯಾರನ್ನೂ ಕೆಳಗೆ ಬಿಡಬೇಡಿ.

ಓಟ ಸರಿಯಿದೆ ಎಂದಿಟ್ಟುಕೊಳ್ಳೋಣ. ಆಗ ನನ್ನ ಮೊದಲ ಸಂಶಯ ಮಳೆಗಾಲದ ಮೇಲೆ. ಹೊಸ ಪ್ಲೇಟ್ ಹಾಕಿ, ಒಂದು ಮೈಲಿಯೂ ಓಡಿಸದೆ, ಜೂನ್‌ನಿಂದ ನಾಲ್ಕು ತಿಂಗಳು ನಿಲ್ಲಿಸಿದ್ದೀರಿ. ಫ್ಲೈವೀಲ್ ಬರಿಯ ಎರಕದ ಕಬ್ಬಿಣ. ಅದಕ್ಕೆ ಪೇಂಟ್ ಇಲ್ಲ, ಎಣ್ಣೆಯೂ ಮುಟ್ಟಬಾರದು. ಆ ತೇವಕ್ಕೆ ಅದರ ಮೇಲೆ ತುಕ್ಕು ಹಿಡಿದು, ಒತ್ತಿಕೊಂಡಿದ್ದ ಪ್ಲೇಟ್ ಅದಕ್ಕೇ ಅಂಟಿಕೊಳ್ಳುತ್ತದೆ. ಬೆಳ್ತಂಗಡಿ ಕಡೆಯ ತೋಟದ ಮನೆಗಳ ಜೀಪುಗಳಲ್ಲೂ ಮಳೆಗಾಲ ಮುಗಿದ ಮೇಲೆ ಇದೇ ತೊಂದರೆ ಕಂಡಿದ್ದೇನೆ. ಪೆಡಲ್ ಒತ್ತಿದರೂ ಗಾಡಿ ತೆವಳುತ್ತದೆ ಎಂಬ ನಿಮ್ಮ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಇದಕ್ಕೆ ಮೆತ್ತಗಿನ ಉಪಾಯ ಮೊದಲು. ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ ಆಫ್ ಮಾಡಿ. ಪೆಡಲನ್ನು ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡು ಕೊಟ್ಟು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಾನಾಗಿ ಬಿಟ್ಟಿರುವುದುಂಟು. ಬಿಡದಿದ್ದರೆ ಎರಡನೇ ಉಪಾಯವನ್ನು ನುರಿತವರೇ ಮಾಡಬೇಕು. ಬ್ರೇಕ್ ಸರಿಯಿದೆಯೆಂದು ಖಚಿತವಾದ ಮೇಲೆ, ಜನರಿಲ್ಲದ ಖಾಲಿ ಮೈದಾನದಲ್ಲಿ, ಬಿಸಿ ಇಂಜಿನ್ ಆಫ್ ಮಾಡಿ ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡುವುದು. ಗಾಡಿ ಚಲಿಸಿದ ಮೇಲೆ ಕ್ಲಚ್ ಒತ್ತಿ ಹಿಡಿದೇ ಆಕ್ಸಿಲರೇಟರ್ ಕೊಟ್ಟು ಬಿಡುತ್ತ, ನಡುನಡುವೆ ಬ್ರೇಕ್ ಒತ್ತುತ್ತ ಹೋದರೆ ತುಕ್ಕಿನ ಹಿಡಿತ ಕಳಚುತ್ತದೆ. ಮೂರು ನಾಲ್ಕು ಪ್ರಯತ್ನದಲ್ಲಿ ಬಿಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಬಲಪ್ರಯೋಗ ಮುಂದುವರಿಸಿದರೆ ಪ್ಲೇಟಿನ ಲೈನಿಂಗ್ ಕಿತ್ತುಬರುತ್ತದೆ.

ಅಷ್ಟಾಗಿಯೂ ಆಗದಿದ್ದರೆ ಪೆಟ್ಟಿಗೆ ಇಳಿಸಿ. ಆಗ ಏನನ್ನು ಹುಡುಕುತ್ತೇವೆಂದು ಗೊತ್ತಿದ್ದು ಇಳಿಸುತ್ತೀರಿ. ಕ್ಲಚ್ ಪ್ಲೇಟ್ ಸರಿಯಾದ ಮುಖಕ್ಕೆ ಕೂತಿದೆಯೇ ನೋಡಿ. ಅದರ ನಡುವಿನ ಗುಬ್ಬಿ ಒಂದು ಬದಿಗೆ ಉದ್ದವಾಗಿರುತ್ತದೆ, ತಿರುಗುಮುರುಗಾದರೆ ಫ್ಲೈವೀಲ್ ಬೋಲ್ಟುಗಳಿಗೆ ತಾಗಿ ಎಂದೂ ಬಿಡುವುದಿಲ್ಲ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಹಾಗೆ ಕೂರಿಸಿ, ಇಡೀ ದಿನದ ಕೆಲಸ ಮತ್ತೆ ಮಾಡಿದ್ದೇನೆ. ಅಂದಿನಿಂದ ಪೆಟ್ಟಿಗೆ ಎತ್ತುವ ಮೊದಲು ಪ್ಲೇಟಿನ ಮುಖ ಇನ್ನೊಬ್ಬರಿಗೆ ತೋರಿಸದೆ ಮುಂದುವರಿದಿಲ್ಲ. ಫ್ಲೈವೀಲ್ ನಡುವಿನ ಹಿತ್ತಾಳೆ ಬಣ್ಣದ ಚಿಕ್ಕ ಬುಶ್ಶನ್ನೂ ನೋಡಿ. ಗೇರ್‌ಬಾಕ್ಸ್ ಶಾಫ್ಟಿನ ತುದಿ ಅದರೊಳಗೆ ಕೂರುತ್ತದೆ. ಬುಶ್ ಒಣಗಿ ಶಾಫ್ಟನ್ನು ಹಿಡಿದರೆ ಕ್ಲಚ್ ಬಿಟ್ಟರೂ ಶಾಫ್ಟ್ ನಿಲ್ಲುವುದಿಲ್ಲ. ಹೊಸ ಬುಶ್ ಹಾಕುವುದಾದರೆ ಒಂದು ದಿನ ಎಣ್ಣೆಯಲ್ಲಿ ನೆನೆಸಿಟ್ಟು ಹಾಕಲಿ.

ಕೂರಿಸುವಾಗ ಎರಡು ಮಾತು ನೆನಪಿರಲಿ. ಪೆಟ್ಟಿಗೆಯ ಭಾರವನ್ನು ಶಾಫ್ಟಿನ ಮೇಲೆ ಒಂದು ಕ್ಷಣವೂ ನೇತಾಡಲು ಬಿಡಬಾರದು. ಹಾಗೆ ಬಿಟ್ಟರೆ ಹೊಸ ಪ್ಲೇಟಿನ ನಡುಭಾಗ ಬಾಗುತ್ತದೆ, ಬಾಗಿದ ಪ್ಲೇಟ್ ಮುಂದೆ ನೆಟ್ಟಗಾಗುವುದಿಲ್ಲ. ಹಳೆಯ ಶಾಫ್ಟೊಂದನ್ನು ತೂರಿಸಿ ಪ್ಲೇಟನ್ನು ಸರಿಯಾಗಿ ನಡುವಿಗೆ ತಂದ ಮೇಲೆ ಪೆಟ್ಟಿಗೆಯನ್ನು ಜ್ಯಾಕ್ ಮೇಲೆ ಆಧರಿಸಿ ತಳ್ಳಬೇಕು. ಬೆಲ್ ಹೌಸಿಂಗ್ ಮತ್ತು ಇಂಜಿನ್ ನಡುವೆ ಅಂತರ ಉಳಿದಾಗ ಬೋಲ್ಟ್ ಬಿಗಿದು ಎಳೆದುಕೊಳ್ಳಬಾರದು. ಕೈಯಿಂದ ತಳ್ಳಿದರೆ ಕೂರಬೇಕು. ಕೂರದಿದ್ದರೆ ಒಳಗೆ ಏನೋ ಅಡ್ಡವಿದೆ. ಎರಡೂ ಮುಖಗಳ ಹಳೆ ತುಕ್ಕು, ಪೇಂಟು, ಗಸಿ ಕೆರೆದು ತೆಗೆದಿರಬೇಕು. ಬಂಟ್ವಾಳದಲ್ಲಿ ಮಾಡಿಸಿ, ಮೂಡುಬಿದಿರೆಯಲ್ಲಿ ಮಾಡಿಸಿ, ಈ ನಿಯಮಕ್ಕೆ ರಿಯಾಯಿತಿ ಇಲ್ಲ.

ಮೂರನೇ ಗೇರ್ ಜಾರುವುದು ಬೇರೆಯೇ ವಿಷಯ. ಕ್ಲಚ್ ಸರಿಯಾದ ಮಾತ್ರಕ್ಕೆ ಅದು ಸರಿಯಾಗುತ್ತದೆಂದು ಎಣಿಸಬೇಡಿ. ಸ್ಟೇರಿಂಗ್ ಪಕ್ಕದ ಗೇರಿನಲ್ಲಿ ನಿಮ್ಮ ಕೈಗೂ ಪೆಟ್ಟಿಗೆಗೂ ನಡುವೆ ರಾಡು, ಲಿವರು, ಬುಶ್ಶುಗಳ ಸರಪಳಿಯೇ ಇದೆ. ಬುಶ್ ಸವೆದಿದ್ದರೆ, ಅಥವಾ ಪೆಟ್ಟಿಗೆ ಕೂರಿಸಿದ ಮೇಲೆ ರಾಡಿನ ಉದ್ದ ಸರಿಯಾಗಿ ಹೊಂದಿಸದಿದ್ದರೆ, ಗೇರ್ ಅರ್ಧ ಮಾತ್ರ ಒಳಗೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಹೊರಗೆ ಬೀಳುತ್ತದೆ. ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ ಒಳಗಿನಿಂದ ಮೂರನೇ ಗೇರ್ ಹಾಕಿ. ಪೆಟ್ಟಿಗೆಯ ಬದಿಯಲ್ಲಿ ರಾಡ್ ಕಳಚಿ ಲಿವರನ್ನು ಕೈಯಲ್ಲೇ ಅದೇ ದಿಕ್ಕಿಗೆ ದೂಡಿ. ಅದು ಇನ್ನೂ ಮುಂದೆ ಹೋದರೆ ತಪ್ಪು ರಾಡಿನಲ್ಲಿದೆ, ಉದ್ದ ಸರಿಪಡಿಸಿ ಬುಶ್ ಬದಲಿಸಿದರೆ ಮುಗಿಯಿತು. ಮುಂದೆ ಹೋಗದಿದ್ದರೆ ಪೆಟ್ಟಿಗೆ ನಿಂತಿರುವ ಹಿಂದಿನ ರಬ್ಬರ್ ಮೌಂಟಿಂಗ್ ನೋಡಿ. ಎಣ್ಣೆ ಕುಡಿದು ಮೆತ್ತಗಾದ ರಬ್ಬರಿನ ಮೇಲೆ ಪೆಟ್ಟಿಗೆ ತೂಗಾಡಿದರೂ ಗೇರ್ ಜಾರುತ್ತದೆ. ಈ ಎರಡೂ ಸರಿಯಿದ್ದರೆ ಮಾತ್ರ ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಮತ್ತು ಬಾಲ್ ಬಗ್ಗೆ ಯೋಚಿಸಿ.

ಎಣ್ಣೆಯ ಹನಿ ಯಾವುದೆಂದು ತಿಳಿಯಲು ರಾತ್ರಿ ಕೆಳಗೆ ಬಿಳಿ ಕಾಗದ ಹಾಸಿ. ಕಪ್ಪಗಿದ್ದರೆ ಇಂಜಿನ್ನಿನದ್ದು. ದಪ್ಪಗಿದ್ದು ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ತೆಳ್ಳಗೆ ನೀರಿನಂತಿದ್ದರೆ ಕ್ಲಚ್ಚಿನದ್ದು, ಹಾಗಾದರೆ ನಮ್ಮ ಮೊದಲ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಬೆಲ್ ಹೌಸಿಂಗ್ ತಳದ ಚಿಕ್ಕ ತೂತಿನಿಂದ ಇಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಅಸಡ್ಡೆ ಮಾಡಬೇಡಿ, ಅದು ಕ್ಲಚ್ ಪ್ಲೇಟನ್ನೂ ತಲುಪುತ್ತದೆ. ಹಾಗೆಯೇ, ಹಿಂದಿನ ಆಕ್ಸಲಿಗೆ ಹಾಕುವ ಜಿಎಲ್ 5 ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿದಿದ್ದಾರೆಯೇ ಎಂದು ಕೇಳಿ. ಅದರಲ್ಲಿರುವ ಗಂಧಕ, ರಂಜಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕ್ರಮೇಣ ತಿನ್ನಬಲ್ಲವು. ಹೊಸ ರಿಂಗ್ ಹಾಕಿಸಿದ್ದೀರಿ, ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿಸಿ.

ಅಣ್ಣನ ಮಾತಿಗೆ ಬರೋಣ. ದೂರದಲ್ಲಿದ್ದು ಅಪ್ಪನ ಗಾಡಿಗೆಂದು ಹಣ ಕಳಿಸುತ್ತೇನೆ ಎನ್ನುವ ಮಗನ ಮನಸ್ಸು ದೊಡ್ಡದು. ಆದರೆ ಆ ಹಣಕ್ಕೆ ಇದು ದಾರಿಯಲ್ಲ. ಅಂಬಾಸಿಡರಿಗೆ ಐದು ಗೇರಿನ ಫ್ಲೋರ್ ಪೆಟ್ಟಿಗೆ ಬಂದದ್ದು 1990ರ ದಶಕದಲ್ಲಿ, ಇಸುಜು 1800 ಇಂಜಿನ್ ಜೊತೆಗೆ. ನಿಮ್ಮದು 1489 ಸಿಸಿಯ ಹಳೆಯ ಇಂಜಿನ್. ಆ ಪೆಟ್ಟಿಗೆ ಇದಕ್ಕೆ ನೇರವಾಗಿ ಕೂರುತ್ತದೆಂದು ಯಾರಾದರೂ ಹೇಳಿದರೆ ಬೆಲ್ ಹೌಸಿಂಗ್, ಶಾಫ್ಟಿನ ಹಲ್ಲು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಇಷ್ಟನ್ನೂ ಅಳೆದು ತೋರಿಸುವವರೆಗೆ ಮುಂಗಡ ಕೊಡಬೇಡಿ. ಲಿವರ್ ಮೇಲೆ ಬರಲು ನೆಲದ ತಗಡು ಕತ್ತರಿಸಬೇಕು. ನಿಮ್ಮ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ನೆಲ ಕತ್ತರಿಸುವುದೆಂದರೆ ಬೆನ್ನೆಲುಬಿಗೆ ಗರಗಸ ಇಟ್ಟಂತೆ.

ಇದಕ್ಕೆ ಕಾನೂನಿನ ಮುಖವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರದ ಖಾಸಗಿ ಗಾಡಿಗಳಿಗೆ ಅದು ಅನ್ವಯ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. 1972ರ ನಿಮ್ಮ ಗಾಡಿ ಆ ವಯಸ್ಸು ದಾಟಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಪ್ಪನನ್ನು ಕೂರಿಸಿಕೊಂಡು ಹೋಗಬೇಕೆಂಬ ನಿಮಗೆ ಈಗ ಅದು ಬೇಕಿಲ್ಲ, ಸಾಮಾನ್ಯ ಆರ್.ಸಿ. ನವೀಕರಣ ಬಾಕಿಯಿಲ್ಲದಂತೆ ನೋಡಿಕೊಂಡರೆ ಸಾಕು. ಆದರೆ ಮುಂದೊಂದು ದಿನ ಬೇಕೆನಿಸಿದರೆ, ಇಂದು ನೆಲ ಕತ್ತರಿಸಿದ್ದೇ ಅಂದು ಅಡ್ಡಿಯಾದೀತು. ಅಣ್ಣನಿಗೆ ಹೀಗೆ ಹೇಳಿ: ಕಳಿಸುವ ಹಣದಲ್ಲಿ ಕ್ಲಚ್‌ನ ಮಾಸ್ಟರ್, ಸ್ಲೇವ್ ಸಿಲಿಂಡರುಗಳ ಕಿಟ್, ಹೋಸ್, ಗೇರ್ ರಾಡಿನ ಬುಶ್, ಮೌಂಟಿಂಗ್ ಎಲ್ಲ ಹೊಸತು ಹಾಕಿಸೋಣ. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿದೆ. ಬಿಡಿಭಾಗ ಸಿಗುವಾಗಲೇ ಒಂದು ಜೊತೆ ತೆಗೆದಿಡುವುದು ಜಾಣತನ.

ಮಾಮನ ವಿಷಯ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ಪತ್ರದಲ್ಲೇ ಗೊತ್ತಾಗುತ್ತದೆ. ಅವರು ತಪ್ಪು ಮಾಡಿದ್ದಾರೆಂದು ಈಗಲೇ ತೀರ್ಮಾನಿಸಬೇಡಿ. ಜೂನಿನಲ್ಲಿ ಕೂರಿಸಿದ ದಿನ ಎಲ್ಲ ಸರಿಯಿದ್ದು, ಮಳೆಗಾಲವೇ ಕೆಡಿಸಿರಬಹುದು. ಅವರ ಮುಂದೆ ಹೋಗಿ ತಪ್ಪಿನ ಮಾತು ಎತ್ತಬೇಡಿ. “ಮಾಮ, ಪೆಟ್ಟಿಗೆ ಇಳಿಸುವ ಮೊದಲು ಪುಶ್ ರಾಡ್ ಎಷ್ಟು ಓಡುತ್ತದೆ, ಒಮ್ಮೆ ಅಳೆದು ನೋಡುವ. ಪೆಡಲ್ ನಾನು ಒತ್ತುತ್ತೇನೆ” ಎನ್ನಿ. ನಲವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ ಸ್ಕೇಲ್ ಹಿಡಿಯಲು ಬೇಸರಪಡುವುದಿಲ್ಲ. ಬೇರೆಯವರ ಅಭಿಪ್ರಾಯ ಬೇಕೆನಿಸಿದರೆ ಅವರನ್ನೂ ಮಾಮನ ಎದುರೇ ಕರೆಯಿರಿ. ಬೆನ್ನ ಹಿಂದೆ ಬೇಡ. ಸೈಡ್ ಗೇರಿನ ಅಂಬಾಸಿಡರನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಕೈಗಳು ನಮ್ಮ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ತಾಲೂಕುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವರು ಅಳೆದದ್ದನ್ನು, ಬದಲಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಆ ಪುಸ್ತಕವೇ ನಿಮ್ಮ ಗಾಡಿಯ ಕೈಪಿಡಿಯಾಗುತ್ತದೆ.

ಎಲ್ಲ ಸರಿಯಾದ ಮೇಲೂ ನೇರ ಧರ್ಮಸ್ಥಳಕ್ಕೆ ಹೊರಡಬೇಡಿ. ಮೊದಲ ದಿನ ಮನೆಯ ಸುತ್ತ. ಎರಡನೇ ದಿನ ಸಿದ್ದಕಟ್ಟೆಯಿಂದ ಮೂಡುಬಿದಿರೆಗೆ ಹೋಗಿ ಬನ್ನಿ, ಬಂದು ಕಾಗದ ಹಾಸಿ ಎಣ್ಣೆ ನೋಡಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ. ಮೂರನೇ ಓಟ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಯವರೆಗೆ. ಆ ದಾರಿಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮೂರನೇ ಗೇರ್ ನಿಂತರೆ ನಿಮ್ಮ ಕೆಲಸ ಗೆದ್ದಿತು. ಒಮ್ಮೆ ಜಾರಿದರೂ ಅಪ್ಪನನ್ನು ಕೂರಿಸಬೇಡಿ. ಉಜಿರೆಯಿಂದ ಆಚೆ ಚಾರ್ಮಾಡಿ ಘಾಟಿಯ ಯೋಚನೆಯಂತೂ ಈ ವರ್ಷ ಬೇಡವೇ ಬೇಡ. ಮುಂದಿನ ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಬಿಟ್ಟು, ಅಂಗಳದಲ್ಲಾದರೂ ಹಿಂದೆ ಮುಂದೆ ಓಡಿಸಿ.

ಧರ್ಮಸ್ಥಳ ತಲುಪಿದ ಮೇಲೆ ಅಪ್ಪನನ್ನು ಅಲ್ಲಿನ ಹಳೆಯ ಕಾರುಗಳ ಸಂಗ್ರಹಕ್ಕೂ ಕರೆದುಕೊಂಡು ಹೋಗಿ. ಕ್ಷೇತ್ರದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಎಷ್ಟೋ ಹಳೆಯ ಗಾಡಿಗಳನ್ನು ಮೂಲರೂಪದಲ್ಲೇ ಕಾಪಾಡಿದ್ದಾರೆ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವೂ ಅವರ ಆಸ್ಥೆಯದ್ದೇ. ಅವನ್ನು ನೋಡುತ್ತ ಅಪ್ಪ ತಮ್ಮ ಗಾಡಿಯ ಬಗ್ಗೆ ಮಾತು ಶುರುಮಾಡಿದರೆ ಕೇಳಿಸಿಕೊಳ್ಳಿ.

ನನ್ನ ತೀರ್ಪು ಇಷ್ಟು. ಗೇರ್‌ಬಾಕ್ಸ್ ಬದಲಿಸಬೇಡಿ, ಅಳೆಯದೆ ಇಳಿಸಬೇಡಿ, ಮಾಮನನ್ನು ಬಿಡಬೇಡಿ. ಈ ಭಾನುವಾರ ಬೆಳಿಗ್ಗೆ ಮಾಮನನ್ನು ಮನೆಗೆ ಕರೆದು, ಒಂದು ಸ್ಕೇಲ್ ಕೈಗೆ ಕೊಟ್ಟು ಶುರುಮಾಡಿ.